79 ಹೊಡೆದವರಿಗೆ ಚಪ್ಪಾಳೆ, 93 ಹೊಡೆದವರಿಗೆ ಕಪ್: ಗಾಲ್ಫ್ ಹ್ಯಾಂಡಿಕ್ಯಾಪ್ ಲೆಕ್ಕ ಹೇಗೆ?

ಗಾಲ್ಫ್‌ನಲ್ಲಿ ಕಡಿಮೆ ಹೊಡೆತಕ್ಕೆ ಆಟ ಮುಗಿಸಿದವರೇ ಗೆದ್ದಂತೆ ಅನ್ನೋದು ಆಟ ಆಡದವರಿಗೂ ಗೊತ್ತು. ಆದರೆ ಕ್ಲಬ್ ಟೂರ್ನಿಯ ಬಹುಮಾನ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಹದಿನೆಂಟು ಹೋಲ್‌ಗಳನ್ನು 79 ಹೊಡೆತದಲ್ಲಿ ಮುಗಿಸಿದವರು ಎರಡನೇ ಸ್ಥಾನದಲ್ಲಿ, 93 ಹೊಡೆದವರು ಮೊದಲ ಸ್ಥಾನದಲ್ಲಿ ಇರುತ್ತಾರೆ. ಪಕ್ಕದಲ್ಲಿ ‘ನೆಟ್’ ಎಂಬ ಹೆಸರಿನಲ್ಲಿ ಬೇರೆಯೇ ಒಂದು ಅಂಕಿ ಇರುತ್ತದೆ. ಇದು ತಪ್ಪು ಲೆಕ್ಕವಲ್ಲ, ಯಾರೋ ಪರಿಚಯದವರಿಗೆ ಕಪ್ ಕೊಟ್ಟಿದ್ದೂ ಅಲ್ಲ. ಇದರ ಹೆಸರು ಹ್ಯಾಂಡಿಕ್ಯಾಪ್.

ಕೊಡಗಿನವರಿಗೆ ಈ ಲೆಕ್ಕ ಗೊತ್ತಿದ್ದರೆ ಅನುಕೂಲ. ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ ಕೂರ್ಗ್ ಗಾಲ್ಫ್ ಲಿಂಕ್ಸ್, ಪಾಲಿಬೆಟ್ಟದಲ್ಲಿ ಕಾಫಿ ತೋಟಗಳ ನಡುವೆ ಒಂಬತ್ತು ಹೋಲ್‌ಗಳ ಮೈದಾನ. ಇಷ್ಟು ಸಣ್ಣ ಜಿಲ್ಲೆಗೆ ಇಷ್ಟು ಗಾಲ್ಫ್ ಮೈದಾನ ರಾಜ್ಯದಲ್ಲಿ ಅಪರೂಪ. ಟೂರ್ನಿ ಬಂದರೆ ಲಾಡ್ಜ್, ಹೋಂಸ್ಟೇ, ಟ್ರೋಫಿ ಅಂಗಡಿ ಎಲ್ಲರಿಗೂ ಒಂದಿಷ್ಟು ವ್ಯಾಪಾರ. ಬಹುಮಾನ ಪ್ರಾಯೋಜಿಸಿ ಅಂತ ಅಂಗಡಿ ಬಾಗಿಲಿಗೂ ಬರುತ್ತಾರೆ. ಪ್ರಾಯೋಜಿಸುವವರು ತಿಳಿದಿರಲೇಬೇಕಾದ ಒಂದು ನಿಯಮವೂ ಇದೆ. ಅದು ಕೊನೆಯಲ್ಲಿ.

ಟೋಪಿಯೊಳಗೆ ಕೈ

ಹ್ಯಾಂಡಿಕ್ಯಾಪ್ ಎಂಬ ಪದ ಹುಟ್ಟಿದ್ದು ಆಟದ ಮೈದಾನದಲ್ಲಿ ಅಲ್ಲ, ವ್ಯಾಪಾರದಲ್ಲಿ. ಇಂಗ್ಲೆಂಡಿನಲ್ಲಿ ಇಬ್ಬರು ತಮ್ಮ ವಸ್ತುಗಳನ್ನು ಅದಲು ಬದಲು ಮಾಡಿಕೊಳ್ಳುವಾಗ ಮೂರನೆಯವನೊಬ್ಬ ಮಧ್ಯಸ್ಥನಾಗಿ ಕೂರುತ್ತಿದ್ದ. ಒಬ್ಬನ ವಸ್ತು ಹೆಚ್ಚು ಬೆಲೆಯದ್ದಾದರೆ ಇನ್ನೊಬ್ಬ ಎಷ್ಟು ಸೇರಿಸಿ ಕೊಡಬೇಕು ಅಂತ ಅವನೇ ಹೇಳುತ್ತಿದ್ದ. ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನು ಟೋಪಿಯೊಳಗೆ ಕೈ ಹಾಕಿ ತೆಗೆದು ತೋರಿಸಬೇಕಿತ್ತು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡಿದವರಿಗೆ ಇದು ಅಷ್ಟೇನೂ ಹೊಸತಲ್ಲ. ಮುಂದೆ ಇದೇ ಪದ ಕುದುರೆ ಪಂದ್ಯಕ್ಕೆ ಬಂತು: ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿ ಓಡಿಸುವುದು. ಅಲ್ಲಿಂದ ಗಾಲ್ಫ್‌ಗೆ ಬಂತು.

ತತ್ವ ಇಷ್ಟೇ. ಇಬ್ಬರ ಸಾಮರ್ಥ್ಯದಲ್ಲಿ ವ್ಯತ್ಯಾಸ ಇದೆ, ಅದನ್ನು ಮೊದಲೇ ಅಳೆದು ಹೊಂದಿಸಿಬಿಟ್ಟರೆ ಆ ದಿನ ಯಾರು ಚೆನ್ನಾಗಿ ಆಡುತ್ತಾರೋ ಅವರು ಗೆಲ್ಲುತ್ತಾರೆ. ನಮ್ಮ ಹಾಕಿ ನಮ್ಮೆಯಲ್ಲಿ ದುರ್ಬಲ ಕುಟುಂಬದ ತಂಡಕ್ಕೆ ಯಾರೂ ಮೂರು ಗೋಲು ಮೊದಲೇ ಕೊಟ್ಟು ಆಟ ಶುರು ಮಾಡುವುದಿಲ್ಲ. ಗಾಲ್ಫ್‌ನಲ್ಲಿ ಕೊಡುತ್ತಾರೆ. ಹಾಗಾಗಿಯೇ 65 ವರ್ಷದ ಪ್ಲಾಂಟರ್ ಮತ್ತು 20 ವರ್ಷದ ಕಾಲೇಜು ಹುಡುಗ ಒಟ್ಟಿಗೆ ಆಡಿ ನಿಜವಾದ ಪೈಪೋಟಿ ಕೊಡಬಹುದು.

ಮೊದಲೆಲ್ಲ ಇದು ದೇಶಕ್ಕೊಂದು ರೀತಿ ಇತ್ತು. ಬ್ರಿಟನ್, ಅಮೆರಿಕ, ಯುರೋಪ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ ಅಂತ ಆರು ಬೇರೆ ಬೇರೆ ಪದ್ಧತಿ. 2020ರಲ್ಲಿ ಇವನ್ನೆಲ್ಲ ಒಂದು ಮಾಡಿ ‘ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್’ ಬಂತು. ಭಾರತದಲ್ಲಿ ಗಾಲ್ಫ್‌ನ ಹೊಣೆ ಇಂಡಿಯನ್ ಗಾಲ್ಫ್ ಯೂನಿಯನ್‌ನದು. 2024ರಲ್ಲಿ ಈ ಜಾಗತಿಕ ನಿಯಮಗಳಲ್ಲಿ ಮತ್ತೆ ಕೆಲವು ತಿದ್ದುಪಡಿ ಆಗಿದೆ. ಹಳೇ ಗಾಲ್ಫರ್‌ಗಳು ಹೇಳಿಕೊಟ್ಟ ಲೆಕ್ಕ ಇವತ್ತಿನ ಲೆಕ್ಕಕ್ಕೆ ತಾಳೆ ಆಗದಿದ್ದರೆ ಕಾರಣ ಇದೇ.

ಮೈದಾನಕ್ಕೂ ಒಂದು ಅಳತೆ

ಆಟಗಾರನನ್ನು ಅಳೆಯುವ ಮೊದಲು ಮೈದಾನವನ್ನು ಅಳೆಯಬೇಕು. ಬಯಲು ಸೀಮೆಯ ಸಪಾಟು ಮೈದಾನದಲ್ಲಿ 90 ಹೊಡೆಯುವುದೂ, ಒಂದು ಕಡೆ ದಿಣ್ಣೆ ಮತ್ತೊಂದು ಕಡೆ ಕಾಡು ಇರುವ ಮಲೆನಾಡಿನ ಮೈದಾನದಲ್ಲಿ 90 ಹೊಡೆಯುವುದೂ ಒಂದೇ ಅಲ್ಲವಲ್ಲ. ತರಬೇತಿ ಪಡೆದ ತಂಡವೊಂದು ಬಂದು ಪ್ರತಿ ಹೋಲ್‌ನ ಉದ್ದ, ಏರಿಳಿತ, ಗಾಳಿ, ನೀರು, ಮರಗಳು, ಮರಳಿನ ಗುಂಡಿ, ಹಸಿರಿನ ಇಳಿಜಾರು ಎಲ್ಲವನ್ನೂ ನೋಡಿ ಎರಡು ಅಂಕಿ ಕೊಡುತ್ತದೆ. ಎತ್ತರದ ಜಾಗದಲ್ಲಿ ಗಾಳಿ ತೆಳು, ಚೆಂಡು ಹೆಚ್ಚು ದೂರ ಹೋಗುತ್ತದೆ. ಹಾಗಾಗಿ ಸಮುದ್ರ ಮಟ್ಟದಿಂದ 2,000 ಅಡಿಗಿಂತ ಮೇಲಿರುವ ಮೈದಾನಗಳಿಗೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮಡಿಕೇರಿ ಅದಕ್ಕಿಂತ ತುಂಬಾ ಎತ್ತರದಲ್ಲಿದೆ ಅನ್ನೋದನ್ನು ಇಲ್ಲಿನವರಿಗೆ ಹೇಳಬೇಕಿಲ್ಲ.

ಮೊದಲ ಅಂಕಿ ಕೋರ್ಸ್ ರೇಟಿಂಗ್. ನುರಿತ ಹವ್ಯಾಸಿ ಆಟಗಾರ, ಅಂದರೆ ಹ್ಯಾಂಡಿಕ್ಯಾಪ್ ಸೊನ್ನೆ ಇರುವ ‘ಸ್ಕ್ರ್ಯಾಚ್’ ಆಟಗಾರ, ಮಾಮೂಲಿ ವಾತಾವರಣದಲ್ಲಿ ಇಲ್ಲಿ ಎಷ್ಟು ಹೊಡೆತಕ್ಕೆ ಮುಗಿಸಬಹುದು ಎಂಬುದು ಅದು. ಎರಡನೆಯದು ಸ್ಲೋಪ್ ರೇಟಿಂಗ್. ಹೆಸರು ಕೇಳಿ ಬೆಟ್ಟದ ಇಳಿಜಾರು ಅಂದುಕೊಳ್ಳುವವರೇ ಜಾಸ್ತಿ, ಅದಲ್ಲ. ಇದೇ ಮೈದಾನ ಸಾಧಾರಣ ಆಟಗಾರನಿಗೆ ನುರಿತವನಿಗಿಂತ ಎಷ್ಟು ಹೆಚ್ಚು ಕಷ್ಟ ಎಂಬುದರ ಅಳತೆ. ಕನಿಷ್ಠ 55, ಗರಿಷ್ಠ 155, ಪ್ರಮಾಣಕ್ಕೆ ಹಿಡಿಯುವ ಅಂಕಿ 113. ಅಗಲವಾದ ಕೊಳ್ಳ ದಾಟಿಸಿ ಹೊಡೆಯಬೇಕಾದ ಕಡೆ ನುರಿತವನಿಗೆ ಅದು ಕಾಣುವುದೇ ಇಲ್ಲ, ಸಾಧಾರಣ ಆಟಗಾರನ ಎರಡು ಚೆಂಡು ಅಲ್ಲೇ ಹೋಗುತ್ತವೆ. ಅಂಥ ಮೈದಾನದ ಸ್ಲೋಪ್ ಜಾಸ್ತಿ. ಅಮೆರಿಕದ ನೌಕಾಪಡೆಯಲ್ಲಿದ್ದ ಡೀನ್ ನುತ್ ಎಂಬವರು ಈ ಪದ್ಧತಿ ರೂಪಿಸಿದವರು.

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ರೇಟಿಂಗ್ ಇರುತ್ತದೆ. ಹೊಡೆತ ಶುರು ಮಾಡುವ ಟೀ ಬದಲಾದರೂ ರೇಟಿಂಗ್ ಬದಲಾಗುತ್ತದೆ. ಅಂದಹಾಗೆ, ಇಡೀ ದೇಶಕ್ಕೆ ಒಂದೇ ರೀತಿಯ ಹ್ಯಾಂಡಿಕ್ಯಾಪ್ ಇರಬೇಕು ಎಂದು ಮೊದಲು ಪಟ್ಟು ಹಿಡಿದು ಕೆಲಸ ಮಾಡಿದ್ದು ಬ್ರಿಟನ್ನಿನ ಮಹಿಳೆಯರು. 1893ರಲ್ಲಿ ಶುರುವಾದ ಲೇಡೀಸ್ ಗಾಲ್ಫ್ ಯೂನಿಯನ್ ಮತ್ತು ಅದರ ಕಾರ್ಯದರ್ಶಿ ಇಸೆಟ್ ಪಿಯರ್ಸನ್ ಇದನ್ನು ಮಾಡುವಾಗ ಗಂಡಸರ ಕ್ಲಬ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ಲೆಕ್ಕ ನಡೆಯುತ್ತಿತ್ತು.

ಒಂದು ಉದಾಹರಣೆ ನೋಡಿ

ಗೋಣಿಕೊಪ್ಪದ ಒಬ್ಬ ಕಾಫಿ ವ್ಯಾಪಾರಿ ಅಂತ ಇಟ್ಟುಕೊಳ್ಳಿ. ಮೈದಾನದ ಪಾರ್ 70, ಕೋರ್ಸ್ ರೇಟಿಂಗ್ 69.4, ಸ್ಲೋಪ್ 124. (ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಯಾವುದೇ ನಿಜವಾದ ಮೈದಾನದ್ದಲ್ಲ.) ಅವರು 95 ಹೊಡೆದರು. 95ರಲ್ಲಿ 69.4 ಕಳೆದರೆ 25.6. ಅದನ್ನು 113ರಿಂದ ಗುಣಿಸಿ 124ರಿಂದ ಭಾಗಿಸಿದರೆ 23.3. ಆ ದಿನದ ಆಟದ ನಿಜವಾದ ಬೆಲೆ ಇದು. ಇದನ್ನು ಸ್ಕೋರ್ ಡಿಫರೆನ್ಶಿಯಲ್ ಅನ್ನುತ್ತಾರೆ. ಬೆಂಗಳೂರಲ್ಲಿ ಆಡಿದ್ದು, ಊಟಿಯಲ್ಲಿ ಆಡಿದ್ದು, ಬಿಟ್ಟಂಗಾಲದಲ್ಲಿ ಆಡಿದ್ದು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲು ಈ ಸೂತ್ರ.

ಇಂಥ ಕೊನೆಯ 20 ಡಿಫರೆನ್ಶಿಯಲ್‌ಗಳನ್ನು ಇಟ್ಟುಕೊಂಡು ಅದರಲ್ಲಿ ಅತಿ ಒಳ್ಳೆಯ 8 ಆರಿಸಿ ಸರಾಸರಿ ತೆಗೆದರೆ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಸಿಗುತ್ತದೆ. ಉಳಿದ 12 ಲೆಕ್ಕಕ್ಕಿಲ್ಲ. ಇಲ್ಲೇ ಬಹಳ ಜನ ಎಡವುವುದು. ಹ್ಯಾಂಡಿಕ್ಯಾಪ್ ಅಂದರೆ ನಿಮ್ಮ ಸರಾಸರಿ ಆಟವಲ್ಲ. ಚೆನ್ನಾಗಿ ಆಡಿದ ದಿನ ನೀವು ಏನು ಮಾಡಬಲ್ಲಿರಿ ಎಂಬುದು. ಅದಕ್ಕೇ ಹೆಚ್ಚಿನವರು ಐದು ಸಲ ಆಡಿದರೆ ಒಂದು ಸಲ ತಮ್ಮ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡುತ್ತಾರೆ, ಉಳಿದ ಸಲ ಕೆಲವು ಹೊಡೆತ ಜಾಸ್ತಿ. ‘ನನ್ನ ಹ್ಯಾಂಡಿಕ್ಯಾಪ್ ತಪ್ಪಾಗಿದೆ, ಯಾವತ್ತೂ ಅಷ್ಟು ಬರಲ್ಲ’ ಎನ್ನುವ ದೂರಿಗೆ ಉತ್ತರ ಇದೇ.

ಹೊಸಬರಿಗೆ 20 ಸ್ಕೋರ್ ಆಗುವವರೆಗೆ ಕಾಯಬೇಕಾಗಿಲ್ಲ. ಒಟ್ಟು 54 ಹೋಲ್‌ಗಳ ಸ್ಕೋರ್ ಸಾಕು: ಹದಿನೆಂಟು ಹೋಲ್‌ಗಳ ಮೂರು ಆಟ, ಇಲ್ಲವೇ ಒಂಬತ್ತರ ಆಟಗಳನ್ನು ಸೇರಿಸಿ ಅಷ್ಟು. ಮೂರೇ ಸ್ಕೋರ್ ಇದ್ದಾಗ ಅತಿ ಕಡಿಮೆಯದ್ದನ್ನು ಹಿಡಿದು ಅದರಿಂದ 2 ಕಳೆಯುತ್ತಾರೆ. ಡಿಫರೆನ್ಶಿಯಲ್ 27.1, 24.8, 29.3 ಬಂದಿದ್ದರೆ ಇಂಡೆಕ್ಸ್ 22.8. ಸ್ಕೋರ್ ಹೆಚ್ಚಾದಂತೆ ಲೆಕ್ಕಕ್ಕೆ ಹಿಡಿಯುವ ಸ್ಕೋರ್‌ಗಳೂ ಹೆಚ್ಚುತ್ತವೆ. ಗರಿಷ್ಠ ಮಿತಿ 54.0, ಗಂಡಸರಿಗೂ ಹೆಂಗಸರಿಗೂ ಒಂದೇ.

ನಮ್ಮ ವ್ಯಾಪಾರಿಯ ಇಂಡೆಕ್ಸ್ 21.0 ಎಂದುಕೊಳ್ಳೋಣ. ಇದು ಎಲ್ಲಿಗೆ ಹೋದರೂ ಜತೆಗಿರುವ ಅಂಕಿ, ಆಡುವಾಗ ಸಿಗುವ ಹೊಡೆತಗಳಲ್ಲ. ಆಡುವ ಮೈದಾನಕ್ಕೆ ತಕ್ಕಂತೆ ಅದನ್ನು ಬದಲಾಯಿಸಬೇಕು. ಇಂಡೆಕ್ಸ್ ಅನ್ನು ಸ್ಲೋಪ್‌ನಿಂದ ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ಗೂ ಪಾರ್‌ಗೂ ಇರುವ ವ್ಯತ್ಯಾಸ ಸೇರಿಸಬೇಕು. ಮೇಲಿನ ಮೈದಾನದಲ್ಲಿ ಅದು 22 ಬರುತ್ತದೆ. ಪಾರ್ 70 ಇದ್ದು ರೇಟಿಂಗ್ 67.8, ಸ್ಲೋಪ್ 113 ಇರುವ ಸುಲಭದ ಮೈದಾನದಲ್ಲಿ ಅದೇ ಮನುಷ್ಯನಿಗೆ 19 ಮಾತ್ರ. ಇದನ್ನು ಕೋರ್ಸ್ ಹ್ಯಾಂಡಿಕ್ಯಾಪ್ ಅನ್ನುತ್ತಾರೆ. ಕ್ಲಬ್‌ಹೌಸ್ ಗೋಡೆಗೆ ಹಾಕಿರುವ ಪಟ್ಟಿಯಲ್ಲೋ ಮೊಬೈಲ್‌ನಲ್ಲೋ ನೋಡಿಕೊಂಡರೆ ಸಾಕು, ಪೆನ್ನು ಹಿಡಿದು ಕೂರುವ ಅಗತ್ಯವಿಲ್ಲ.

ಟೂರ್ನಿಯಲ್ಲಿ ಇನ್ನೂ ಒಂದು ಮೆಟ್ಟಿಲಿದೆ. ಒಬ್ಬೊಬ್ಬರೇ ಆಡಿ ಒಟ್ಟು ಹೊಡೆತ ಎಣಿಸುವ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಇದರ ಶೇ 95ರಷ್ಟು ಮಾತ್ರ ಕೊಡುತ್ತಾರೆ. ಒಬ್ಬರ ವಿರುದ್ಧ ಒಬ್ಬರು ಆಡುವ ಮ್ಯಾಚ್ ಪ್ಲೇನಲ್ಲಿ ಪೂರ್ತಿ ಶೇ 100. ಹೀಗಾಗಿ ನಮ್ಮ ವ್ಯಾಪಾರಿಗೆ ಸಿಗುವುದು 21. ಅವರ ಎದುರಾಳಿಯ ಇಂಡೆಕ್ಸ್ 6.2, ಸಿಗುವುದು 6. ಎದುರಾಳಿ 79 ಹೊಡೆದರೆ ನೆಟ್ 73. ವ್ಯಾಪಾರಿ 93 ಹೊಡೆದರೆ ನೆಟ್ 72. ಕಪ್ ಗೋಣಿಕೊಪ್ಪಕ್ಕೆ.

ಇದೇ ಇಬ್ಬರು ಮ್ಯಾಚ್ ಪ್ಲೇ ಆಡಿದರೆ 22ರಲ್ಲಿ 6 ಕಳೆದು 16 ಹೊಡೆತ ವ್ಯಾಪಾರಿಗೆ. ಅದನ್ನು ಮನಸ್ಸಿಗೆ ಬಂದ ಕಡೆ ಬಳಸುವ ಹಾಗಿಲ್ಲ. ಸ್ಕೋರ್ ಕಾರ್ಡಿನಲ್ಲಿ ಪ್ರತಿ ಹೋಲ್‌ನ ಎದುರು 1ರಿಂದ 18ರವರೆಗೆ ‘ಸ್ಟ್ರೋಕ್ ಇಂಡೆಕ್ಸ್’ ಅಂತ ಒಂದು ಅಂಕಿ ಇರುತ್ತದೆ. 1ರಿಂದ 16 ಅಂಕಿ ಇರುವ ಹೋಲ್‌ಗಳಲ್ಲಿ ಒಂದೊಂದು ಹೊಡೆತದ ರಿಯಾಯಿತಿ. ವಾರಾಂತ್ಯದ ಆಟಗಳಲ್ಲಿ ಜನಪ್ರಿಯವಾದ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲೂ ಹೀಗೇ ಹೋಲ್ ಹೋಲ್‌ಗೆ ರಿಯಾಯಿತಿ ಕಳೆದು ಅಂಕ ಕೊಡುತ್ತಾರೆ: ನೆಟ್ ಪಾರ್‌ಗೆ 2, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ವೈದ್ಯರು ರೂಪಿಸಿದ ಈ ಪದ್ಧತಿ 1932ರಿಂದ ಇಂಗ್ಲೆಂಡಿನ ವಾಲಸಿ ಕ್ಲಬ್‌ನ ಮೂಲಕ ಹಬ್ಬಿತು. ಒಂದು ಹೋಲ್ ಕೆಟ್ಟರೆ ಸೊನ್ನೆ ಹಾಕಿಕೊಂಡು ಮುಂದೆ ಹೋಗಬಹುದು, ಇಡೀ ದಿನ ಹಾಳಾಗುವುದಿಲ್ಲ. ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ ಎಂದರೂ ತಪ್ಪಲ್ಲ.

ಒಂದು ಹೋಲ್‌ನಲ್ಲಿ ಹನ್ನೊಂದು ಹೊಡೆದರೆ?

ಚೆಂಡು ತೋಟದೊಳಗೆ ಹೋಗಿ ಒಂದು ಹೋಲ್‌ಗೇ 11 ಆಯಿತು ಅನ್ನಿ. ಹೊಡೆತ ಎಣಿಸುವ ಸ್ಪರ್ಧೆಯಲ್ಲಿ 11 ಅಂದರೆ 11, ಬಿಡುಗಡೆ ಇಲ್ಲ. ಆದರೆ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಪ್ರತಿ ಹೋಲ್‌ಗೆ ಒಂದು ಮಿತಿ ಇದೆ: ಪಾರ್, ಅದಕ್ಕೆ 2, ಜತೆಗೆ ಆ ಹೋಲ್‌ನಲ್ಲಿ ನಿಮಗೆ ಸಿಗುವ ರಿಯಾಯಿತಿ. ಕೋರ್ಸ್ ಹ್ಯಾಂಡಿಕ್ಯಾಪ್ 22 ಇರುವವರಿಗೆ ಎಲ್ಲ ಹೋಲ್‌ಗೂ ಒಂದೊಂದು, ಸ್ಟ್ರೋಕ್ ಇಂಡೆಕ್ಸ್ 1ರಿಂದ 4 ಇರುವ ಹೋಲ್‌ಗೆ ಎರಡೆರಡು. ಹಾಗಾಗಿ ಸ್ಟ್ರೋಕ್ ಇಂಡೆಕ್ಸ್ 10 ಇರುವ ಪಾರ್ 4 ಹೋಲ್‌ನಲ್ಲಿ 11ರ ಬದಲು 7 ಎಂದು ಹಿಡಿಯುತ್ತಾರೆ. ಇನ್ನೂ ಇಂಡೆಕ್ಸ್ ಸಿಗದ ಹೊಸಬರಿಗೆ ಮಿತಿ ಪಾರ್ ಜತೆಗೆ 5. ಒಂದು ಕೆಟ್ಟ ಹೋಲ್‌ನಿಂದ ಹ್ಯಾಂಡಿಕ್ಯಾಪ್ ಉಬ್ಬಬಾರದು ಅನ್ನೋದು ಉದ್ದೇಶ.

‘ಬಿಡಿ, ಅದು ಹೋಗುತ್ತೆ, ಎತ್ಕೊಳ್ಳಿ’ ಅಂತ ಸ್ನೇಹಿತರು ಮ್ಯಾಚ್‌ನಲ್ಲಿ ಹತ್ತಿರದ ಪಟ್ ಬಿಟ್ಟುಕೊಡುತ್ತಾರಲ್ಲ, ಅದನ್ನು ಕಾರ್ಡಿನಲ್ಲಿ ಮರೆಯುವ ಹಾಗಿಲ್ಲ. ಐದು ಅಡಿಯೊಳಗಿದ್ದರೆ ಒಂದು ಹೊಡೆತ ಸೇರಿಸಿ ಬರೆಯಬೇಕು.

ನಮ್ಮ ಮಳೆಗಾಲಕ್ಕೆ ಸಂಬಂಧಪಟ್ಟ ಎರಡು ಮಾತು. ಮೈದಾನ ಕೆಸರಾಗಿ ಕ್ಲಬ್‌ನವರು ಚೆಂಡು ಎತ್ತಿ ಒರೆಸಿ ಇಡಲು ಅವಕಾಶ ಕೊಟ್ಟಿದ್ದರೂ ಆ ಸ್ಕೋರ್ ಹ್ಯಾಂಡಿಕ್ಯಾಪ್‌ಗೆ ನಡೆಯುತ್ತದೆ. 18 ಹೋಲ್‌ನ ಆಟ ಮಳೆಯಿಂದ ನಡುವೆ ನಿಂತರೆ, ಕನಿಷ್ಠ 10 ಹೋಲ್ ಆಡಿದ್ದರೆ ಉಳಿದವಕ್ಕೆ ನಿರೀಕ್ಷಿತ ಸ್ಕೋರ್ ಸೇರಿಸಿ ಲೆಕ್ಕ ಹಾಕುತ್ತಾರೆ. ಇದು 2024ರ ನಿಯಮ. ಅದೇ ವರ್ಷದಿಂದ ಒಂಬತ್ತು ಹೋಲ್‌ಗಳ ಆಟಕ್ಕೂ ಹೀಗೇ. ಮೊದಲು ಇನ್ನೊಂದು ಒಂಬತ್ತು ಆಡುವವರೆಗೆ ಸ್ಕೋರ್ ಕಾಯುತ್ತಾ ಬಿದ್ದಿರುತ್ತಿತ್ತು. ಈಗ ಇಂಡೆಕ್ಸ್ ಇರುವವರಿಗೆ ಕೂಡಲೇ ಡಿಫರೆನ್ಶಿಯಲ್ ಸಿಗುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಂಬತ್ತು ಆಡಿ ಬರುವವರಿಗೆ ಇದು ದೊಡ್ಡ ಉಪಕಾರ. ಇನ್ನು ಆ ದಿನ ಗಾಳಿ ಮಳೆಯಿಂದ ಎಲ್ಲರ ಸ್ಕೋರೂ ಕೆಟ್ಟಿದ್ದರೆ, ಕನಿಷ್ಠ ಎಂಟು ಸ್ಕೋರ್ ಬಂದಿದ್ದಲ್ಲಿ ಕಂಪ್ಯೂಟರೇ ರಾತ್ರಿ ಹೊಂದಿಸುತ್ತದೆ.

ಬೇಕಂತಲೇ ಕೆಟ್ಟದಾಗಿ ಆಡಿದರೆ?

ಹ್ಯಾಂಡಿಕ್ಯಾಪ್ ಎಷ್ಟು ಜಾಸ್ತಿಯೋ ಅಷ್ಟು ರಿಯಾಯಿತಿ. ಹಾಗಾದರೆ ಕೆಟ್ಟ ಸ್ಕೋರ್ ಮಾತ್ರ ಕೊಟ್ಟು, ಒಳ್ಳೆಯ ಸ್ಕೋರ್ ಜೇಬಲ್ಲಿ ಇಟ್ಟುಕೊಂಡು, ಟೂರ್ನಿ ದಿನ ಕಪ್ ಹೊಡೆಯಬಹುದಲ್ಲ? ಹೌದು, ಮಾಡುವವರಿದ್ದಾರೆ. ಗಾಲ್ಫ್‌ನವರು ಅಂಥವರನ್ನು ‘ಸ್ಯಾಂಡ್‌ಬ್ಯಾಗರ್’ ಅನ್ನುತ್ತಾರೆ. 1995ರಲ್ಲಿ ಅಮೆರಿಕದ ಪೆಬಲ್ ಬೀಚ್‌ನಲ್ಲಿ ವೃತ್ತಿಪರರ ಜತೆ ಹವ್ಯಾಸಿಗಳು ಜೋಡಿಯಾಗಿ ಆಡುವ ಹೆಸರಾಂತ ಟೂರ್ನಿಯಲ್ಲಿ 15 ಹ್ಯಾಂಡಿಕ್ಯಾಪ್ ಹೇಳಿಕೊಂಡು ಗೆದ್ದ ಜಪಾನಿನ ಉದ್ಯಮಿಯೊಬ್ಬರ ನಿಜವಾದ ಹ್ಯಾಂಡಿಕ್ಯಾಪ್ 6ರ ಆಸುಪಾಸು ಎಂದು ಆಮೇಲೆ ಗೊತ್ತಾಗಿ ಪ್ರಶಸ್ತಿ ವಾಪಸ್ ಪಡೆದರು.

ಇದನ್ನು ತಡೆಯಲು ಮೂರ್ನಾಲ್ಕು ಬೇಲಿ ಇದೆ. ಹಿಂದಿನ 365 ದಿನದಲ್ಲಿ ನಿಮ್ಮ ಅತಿ ಕಡಿಮೆ ಇಂಡೆಕ್ಸ್ ಎಷ್ಟಿತ್ತೋ ಅದನ್ನು ಕಂಪ್ಯೂಟರ್ ನೆನಪಿಟ್ಟಿರುತ್ತದೆ. ಅದಕ್ಕಿಂತ 3 ಮೇಲೆ ಏರಿದರೆ ಹೆಚ್ಚುವರಿಯಲ್ಲಿ ಅರ್ಧ ಮಾತ್ರ ಸಿಗುತ್ತದೆ. ಒಟ್ಟು ಏರಿಕೆ ಏನೇ ಆದರೂ 5 ದಾಟುವುದಿಲ್ಲ. 18.0 ಇದ್ದವರ ಲೆಕ್ಕ 23.0 ಬಂದರೆ ಸಿಗುವುದು 22.0. ಇನ್ನೊಂದು ಕಡೆಯಿಂದ, ಒಂದು ದಿನದ ಆಟ ಇಂಡೆಕ್ಸ್‌ಗಿಂತ 7 ಅಥವಾ ಹೆಚ್ಚು ಉತ್ತಮವಾಗಿದ್ದರೆ ಇಂಡೆಕ್ಸ್‌ನಿಂದ ಹೆಚ್ಚುವರಿಯಾಗಿ 1, ಹತ್ತು ಅಥವಾ ಹೆಚ್ಚು ಇದ್ದರೆ 2 ಕತ್ತರಿ. ಇಳಿಯುವುದು ಬೇಗ, ಏರುವುದು ನಿಧಾನ.

ಒಬ್ಬರೇ ಹೋಗಿ ಆಡಿದ ಸ್ಕೋರ್ ನಡೆಯುವುದಿಲ್ಲ, ಜತೆಗೆ ಕನಿಷ್ಠ ಒಬ್ಬರು ಇರಬೇಕು. ಸ್ಕೋರ್‌ಗಳು ಕ್ಲಬ್‌ನ ಇತರ ಸದಸ್ಯರಿಗೆ ಕಾಣುವಂತಿರಬೇಕು. ಅನುಮಾನ ಬಂದರೆ ಕ್ಲಬ್‌ನ ಹ್ಯಾಂಡಿಕ್ಯಾಪ್ ಸಮಿತಿ ಕಾರಣ ಕೇಳಬಹುದು, ಇಂಡೆಕ್ಸ್ ತಿದ್ದಬಹುದು, ಕಾರ್ಡ್ ಕೊಡದವರಿಗೆ ದಂಡದ ಸ್ಕೋರ್ ಹಾಕಬಹುದು, ತೀರಾ ಮಿತಿ ಮೀರಿದರೆ ಹ್ಯಾಂಡಿಕ್ಯಾಪ್ ವಾಪಸ್ ಪಡೆಯಬಹುದು. ಆದರೂ ನಿಜ ಹೇಳಬೇಕೆಂದರೆ, ಕಂಪ್ಯೂಟರ್‌ಗೆ ಹಾಕಿದ ಅಂಕಿ ಮಾತ್ರ ಗೊತ್ತು. ಹಾಕದೇ ಬಿಟ್ಟದ್ದು ಗೊತ್ತಿರುವುದು ಜತೆಗೆ ನಡೆದ ಮೂವರಿಗೆ ಮತ್ತು ಕ್ಯಾಡಿಗೆ. ಅವರು ಮುಲಾಜಿಗೆ ಸುಮ್ಮನಾದರೆ ಯಾವ ಸೂತ್ರವೂ ಕೆಲಸಕ್ಕೆ ಬರುವುದಿಲ್ಲ. ಊರೆಲ್ಲ ಪರಿಚಯ ಇರುವ ಸಣ್ಣ ಕ್ಲಬ್‌ಗಳಲ್ಲಿ ಈ ಮುಲಾಜೇ ದೊಡ್ಡ ಸಮಸ್ಯೆ.

ಉಲ್ಟಾ ಕಾಯಿಲೆಯೂ ಇದೆ. ‘ನನ್ನದು ಸಿಂಗಲ್ ಡಿಜಿಟ್’ ಅಂತ ಹೇಳಿಕೊಳ್ಳುವ ಆಸೆಗೆ ಒಳ್ಳೆಯ ಸ್ಕೋರ್ ಮಾತ್ರ ಕೊಡುವವರು. ಇವರಿಂದ ಬೇರೆಯವರಿಗೆ ನಷ್ಟವಿಲ್ಲ, ಪ್ರತಿ ಟೂರ್ನಿಯಲ್ಲೂ ಸೋಲುವುದು ಅವರೇ.

ಬಹುಮಾನ ಕೊಡುವವರು ಗಮನಿಸಿ

ಹ್ಯಾಂಡಿಕ್ಯಾಪ್ ಸ್ಪರ್ಧೆಯಲ್ಲಿ ಹವ್ಯಾಸಿ ಆಟಗಾರ ನಗದು ಬಹುಮಾನ ಪಡೆಯುವಂತಿಲ್ಲ. ಪಡೆದರೆ ಹವ್ಯಾಸಿ ಸ್ಥಾನಕ್ಕೇ ಕುತ್ತು. 2022ರ ಜಾಗತಿಕ ನಿಯಮದಂತೆ 1,000 ಡಾಲರ್ ಅಥವಾ 700 ಪೌಂಡ್ ಮೌಲ್ಯದೊಳಗಿನ ವಸ್ತುವನ್ನೋ, ನಗದಾಗಿ ಬದಲಾಯಿಸಲು ಬಾರದ ವೋಚರನ್ನೋ ಕೊಡಬಹುದು. ಹ್ಯಾಂಡಿಕ್ಯಾಪ್ ರಿಯಾಯಿತಿ ಇಲ್ಲದೆ ಆಡುವ ಸ್ಕ್ರ್ಯಾಚ್ ಸ್ಪರ್ಧೆಯಲ್ಲಿ ಮಾತ್ರ ಆ ಮಿತಿಯೊಳಗೆ ನಗದು ನಡೆಯುತ್ತದೆ. ಆಟದ ನಡುವೆ ಒಂದೇ ಹೊಡೆತಕ್ಕೆ ಚೆಂಡು ಹೋಲ್‌ಗೆ ಹೋದರೆ ಕೊಡುವ ಬಹುಮಾನಕ್ಕೆ ಈ ಮಿತಿ ಇಲ್ಲ. ಷೋರೂಮ್‌ನವರು ಕಾರು ನಿಲ್ಲಿಸುವುದು ಅದಕ್ಕೇ. ಹಾಗಾಗಿ ಕವರಿನಲ್ಲಿ ಹಣ ಹಾಕಿ ಕೊಡುವ ಯೋಚನೆ ಇದ್ದರೆ ಮೊದಲು ಕ್ಲಬ್‌ನ ಕಾರ್ಯದರ್ಶಿಯವರಲ್ಲಿ ಒಂದು ಮಾತು ಕೇಳಿ. ಮಿಕ್ಸಿ, ಕುಕ್ಕರ್, ಬಟ್ಟೆ ಅಂಗಡಿಯ ಕೂಪನ್, ಹತ್ತು ಕೆಜಿ ಕಾಫಿ ಪುಡಿ ಇವಕ್ಕೆಲ್ಲ ತೊಂದರೆ ಇಲ್ಲ.

ಅಧಿಕೃತ ಹ್ಯಾಂಡಿಕ್ಯಾಪ್ ಬೇಕೆನ್ನುವವರು ಮಾನ್ಯತೆ ಇರುವ ಗಾಲ್ಫ್ ಕ್ಲಬ್ ಒಂದರ ಸದಸ್ಯರಾಗಿರಬೇಕು. ಜತೆಗೆ ಆಡಿದವರ ಸಹಿ ಇರುವ ಸ್ಕೋರ್ ಕಾರ್ಡುಗಳನ್ನು ಆಡಿದ ದಿನವೇ ಕೊಟ್ಟರೆ ಒಳ್ಳೆಯದು. ಆ ದಿನದ ವಾತಾವರಣದ ಲೆಕ್ಕ ಮಧ್ಯರಾತ್ರಿಗೆ ನಡೆಯುವುದರಿಂದ, ಮಾರನೇ ದಿನ ಕೊಟ್ಟ ಕಾರ್ಡ್ ಆ ಲೆಕ್ಕದೊಳಗೆ ಸೇರುವುದಿಲ್ಲ.